ಟಗರಿನ ಕಾರ್ಪೆಟ್

ಜ್ಯಾರೆಡ್ ಪಿಮ್ ಬಾಗಿಲಲ್ಲೇ ನಿಂತು ಶೂಗಳ ಮೇಲೆ ನೀಲಿ ಪ್ಲಾಸ್ಟಿಕ್ ಚೀಲ ಏರಿಸಿಕೊಂಡ. ಸತ್ತವರ ಮನೆಗೆ ಬರುವಾಗ ಟೋಪಿ ತೆಗೆಯುತ್ತಿದ್ದ ಕಾಲ ಹೋಯಿತು. ಈಗ ಕೌನ್ಸಿಲ್‌ನವರು ಕಾಲಿಗೆ ಚೀಲ ಹಾಕಿಕೊಳ್ಳುತ್ತಾರೆ. ಮನೆ ಕೊಳೆಯಾಗದಿರಲಿ ಎಂದಲ್ಲ, ಮನೆಯದು ಏನೂ ತಮಗೆ ಅಂಟದಿರಲಿ ಎಂದು. ಬೆವರ್ಲಿ ಗಾರ್‌ಸೈಡ್ ಕೈ ಕಟ್ಟಿಕೊಂಡು ಅವನನ್ನೇ ನೋಡುತ್ತಿದ್ದಳು. ಮೂವತ್ತು ತುಂಬಿರದ ಹುಡುಗ. ಕುತ್ತಿಗೆಯಲ್ಲಿ ಗುರುತಿನ ಚೀಟಿ, ಕೈಯಲ್ಲಿ ಟ್ಯಾಬ್ಲೆಟ್. ತಲೆಗೆ ಮೆತ್ತಿಕೊಂಡಿದ್ದ ಕ್ರೀಮಿನ ವಾಸನೆ ಅವನಿಗಿಂತ ಮೊದಲೇ ಒಳಗೆ ಬಂದಿತ್ತು.

“ನಿಮ್ಮ ತಂದೆಯವರ ವಿಷಯ ಕೇಳಿ ಬೇಜಾರಾಯ್ತು ಮೇಡಂ.”

“ಯಾವ ವಿಷಯ?”

“ಅದೇ... ತೀರಿಕೊಂಡಿದ್ದು.”

“ಅವರ ಹೆಸರೇನು?”

ಪಿಮ್ ಟ್ಯಾಬ್ಲೆಟ್ ಕಡೆ ಕಣ್ಣು ಹಾಯಿಸಿದ. “ಕ್ಲಿಫರ್ಡ್ ಅವರು.”

“ಪರವಾಗಿಲ್ಲ, ನೋಡ್ಕೊಂಡಾದ್ರೂ ಹೇಳಿದ್ರಿ. ಒಳಗೆ ಬನ್ನಿ.”

ಹಾಕ್ಸ್‌ಬೆಕ್ ಊರಿನ ಗುಡ್ಡದ ನೆತ್ತಿಯ ಮೇಲೆ, ಗಾಳಿಗೆ ಬೆನ್ನು ಕೊಟ್ಟು ನಿಂತ, ಊರಿನ ಕೌನ್ಸಿಲ್, ಅಂದರೆ ನಗರಸಭೆ, ಬಡವರಿಗೆ ಬಾಡಿಗೆಗೆ ಕೊಡುವ ಮನೆಗಳ ಸಾಲಿನಲ್ಲಿ ಇದು ಕೊನೆಯದು. ಕ್ಲಿಫರ್ಡ್ ಗಾರ್‌ಸೈಡ್ ಮದುವೆಯಾದ ಹೊಸದರಲ್ಲಿ ಬಾಡಿಗೆಗೆ ಹಿಡಿದು, ಹೆಂಡತಿ ಹೋದ ಮೇಲೂ ಒಬ್ಬನೇ ಇದ್ದು, ಹೋದ ತಿಂಗಳು ಆಸ್ಪತ್ರೆಯಲ್ಲಿ ಸತ್ತಿದ್ದ. ಬಾಡಿಗೆದಾರ ಸತ್ತರೆ ಮನೆ ಕೌನ್ಸಿಲ್‌ಗೆ ವಾಪಸ್. ಮಗಳಿಗೆ ಊರ ಇನ್ನೊಂದು ಕಡೆ ಬೇರೆ ಕೌನ್ಸಿಲ್ ಫ್ಲ್ಯಾಟ್ ಇದ್ದುದರಿಂದ ಅವಳಿಗಿದ್ದದ್ದು ಒಂದೇ ಕೆಲಸ: ಮನೆ ಖಾಲಿ ಮಾಡಿ ಮುಂದಿನ ಸೋಮವಾರ ಮಧ್ಯಾಹ್ನದೊಳಗೆ ಬೀಗದ ಕೈ ಒಪ್ಪಿಸುವುದು.

ಪಿಮ್ ಕೋಣೆಯಿಂದ ಕೋಣೆಗೆ ಹೋಗುತ್ತ ಟ್ಯಾಬ್ಲೆಟ್ ಮೇಲೆ ಬೆರಳಾಡಿಸಿದ. ಪರದೆ ಹೋಗಬೇಕು, ಪರದೆಯ ಕಂಬಿ ಹೋಗಬೇಕು, ಒಲೆ ಹೋಗಬೇಕು, ಹಿತ್ತಿಲ ಶೆಡ್ಡು ಹೋಗಬೇಕು. ಬೆವರ್ಲಿ ಎಲ್ಲದಕ್ಕೂ ಹೂಂ ಎಂದಳು. ಮುಂಗೋಣೆಗೆ ಬಂದು ಅವನು ಕಾಲ ಕೆಳಗೆ ನೋಡಿದ.

“ಈ ಕಾರ್ಪೆಟ್ಟೂ.”

“ಕಾರ್ಪೆಟ್ ಇರಲಿ.”

“ಇಲ್ಲ ಮೇಡಂ. ನಾವು ಮನೆ ಹೇಗೆ ಕೊಟ್ಟಿದ್ವೋ ಹಾಗೇ ವಾಪಸ್ ಬರಬೇಕು. ಅದು ಬಾಡಿಗೆದಾರರ ಜವಾಬ್ದಾರಿ.”

“ಹೌದಾ? ನೀವು ಕೊಟ್ಟಾಗ ಅಡುಗೆಮನೆ ಗೋಡೆ ತುಂಬಾ ಬೂಷ್ಟು ಇತ್ತು. ಅದನ್ನೂ ವಾಪಸ್ ಕೊಡ್ಬೇಕಾ? ನಮ್ಮಪ್ಪ ಕೆರೆದು ಹಾಕ್ಬಿಟ್ಟಿದಾರೆ. ಪಕ್ಕದ್ಮನೆ ಎನಿಡ್ ಹತ್ರ ಇನ್ನೂ ಇದೆ, ಬೇಕಾದ್ರೆ ಸ್ವಲ್ಪ ಕಡ ಕೇಳ್ತೀನಿ.”

ಇದು ನಗಬೇಕಾದ ಮಾತೋ ಬರೆದುಕೊಳ್ಳಬೇಕಾದ ಮಾತೋ ಪಿಮ್‌ಗೆ ತಿಳಿಯಲಿಲ್ಲ. “ಹಳೇ ಕಾರ್ಪೆಟ್‌ನಲ್ಲಿ ಚಿಗಟ ಇರ್ತವೆ,” ಎಂದ. “ಯಾರಾದ್ರೂ ಎಡವಬಹುದು. ಕೆಳಗಿನ ನೆಲ ಹೇಗಿದೆ ಅಂತ ನಾವು ನೋಡ್ಬೇಕು. ಎಲ್ಲಾ ಬಾಡಿಗೆದಾರರ ಸುರಕ್ಷತೆಗೇ ಮಾಡಿರೋದು.”

“ನನ್ನ ಫ್ಲ್ಯಾಟ್ ಬಾಗಿಲ ಮುಂದಿದ್ದ ಕಾಲೊರಸು ಎತ್ಕೊಂಡು ಹೋದಾಗ್ಲೂ ಇದೇ ಹೇಳಿದ್ರಿ.”

“ಅದು ಬೆಂಕಿ ನಿಯಮ ಮೇಡಂ. ಮೆಟ್ಟಿಲ ಹತ್ರ ಯಾರೂ ಏನೂ ಇಡೋ ಹಾಗಿಲ್ಲ.”

“ಬೆಂಕಿ ತಡೆಯೋಕೆ ಅಂತ ಮೆಟ್ಟಿಲಿಗೆ ಹಾಕಿರೋ ಬಾಗಿಲೇ ಎರಡು ವರ್ಷದಿಂದ ಮುಚ್ಕೊಳ್ಳಲ್ಲ. ಬೆಂಕಿ ಅದನ್ನೇನೂ ಲೆಕ್ಕಕ್ಕೆ ತಗೊಳ್ಳಲ್ಲ ಅನ್ಸುತ್ತೆ. ಕಾಲೊರಸು ನೋಡಿದ್ರೆ ಮಾತ್ರ ಓಡ್ಬಂದು ಹತ್ಕೊಳುತ್ತೆ.”

ಪಿಮ್ ಟ್ಯಾಬ್ಲೆಟ್ ಎತ್ತಿ ಕಾರ್ಪೆಟ್‌ನ ಫೋಟೋ ತೆಗೆದುಕೊಂಡ. ಎತ್ತಿ ಎಸೆಯಬೇಕಾದ ಸಾಮಾನಿಗೆಲ್ಲ ಫೋಟೋ ಇರಬೇಕಂತೆ.

ಅದು ಬರಿಯ ಕಾರ್ಪೆಟ್ ಆಗಿರಲಿಲ್ಲ. ದಟ್ಟ ಕೆಂಪು ಉಣ್ಣೆಯ ಮೇಲೆ ಬಂಗಾರದ ಬಣ್ಣದ ಟಗರಿನ ತಲೆಗಳು, ಸಾಲು ಸಾಲಾಗಿ, ಸುರುಳಿ ಕೊಂಬುಗಳ ಸಮೇತ. ಟಗರು ಹಾಕ್ಸ್‌ಬೆಕ್‌ನ ಲಾಂಛನ. ಊರಿಗೆ ಅನ್ನ ಹಾಕಿದ ಉಣ್ಣೆ ಗಿರಣಿಗಳು ಮುಚ್ಚಿ ಕಾಲವಾದರೂ ಪುರಭವನದ ನೆತ್ತಿಯ ಮೇಲೆ, ಕಸದ ಗಾಡಿಯ ಬಾಗಿಲ ಮೇಲೆ ಟಗರು ಉಳಿದುಕೊಂಡಿತ್ತು. ಬೆವರ್ಲಿ ಶಾಲೆಗೆ ಹೋಗುತ್ತಿದ್ದಾಗ ಪುರಭವನದ ಸಭಾಂಗಣಕ್ಕೆ ಹೊಸ ಕಾರ್ಪೆಟ್ ನೇಯಿಸಿದರು. ಹಾಸುವ ಕೆಲಸ ಸಿಕ್ಕಿದ್ದು ಕ್ಲಿಫರ್ಡ್‌ಗೆ. ಊರಿಗೆ ಅವನಷ್ಟು ಚೆನ್ನಾಗಿ ಹಾಸುವವರು ಬೇರೆ ಇರಲಿಲ್ಲ ಎಂಬುದು ಅವನ ಅಭಿಪ್ರಾಯ, ಅದನ್ನು ಅಲ್ಲಗಳೆಯಲು ಯಾರೂ ಮೈ ಬಗ್ಗಿಸಿ ತೋರಿಸಲಿಲ್ಲ. ಅಳತೆ ತೆಗೆದವನೂ ಅವನೇ. ಸಭಾಂಗಣ ಎಷ್ಟು ದೊಡ್ಡದೆಂದು ಅವನು ಹೇಳಿದ್ದನ್ನು ಹದಿನಾರು ಜನ ಸದಸ್ಯರು, ಒಬ್ಬ ಮೇಯರ್, ಇಬ್ಬರು ಎಂಜಿನಿಯರುಗಳು ತಲೆಯಾಡಿಸಿ ಒಪ್ಪಿಕೊಂಡರು. ಕೊನೆಗೆ ಸುರುಳಿಯಲ್ಲಿ ಉಳಿದದ್ದು ಅವನ ವ್ಯಾನ್ ಹತ್ತಿ ಗುಡ್ಡ ಏರಿತು. ಮುಂಗೋಣೆಗೂ ಹಜಾರಕ್ಕೂ ಸರಿಯಾಗಿ ಸಾಕಾಯಿತಂತೆ. ಅಷ್ಟು ಸರಿಯಾಗಿ ಸಾಕಾಗಬೇಕಾದರೆ ಅವನು ಮೊದಲು ಅಳೆದದ್ದು ಸಭಾಂಗಣವನ್ನಲ್ಲ.

ಕೇರಿಗೆಲ್ಲ ಗೊತ್ತಿತ್ತು. “ಏನ್ ಕ್ಲಿಫ್, ಮೇಯರ್ ಮನೇಲಿದಾರಾ?” ಎಂದು ಹಾಲಿನವನೂ ಕೇಳುತ್ತಿದ್ದ. ಕ್ಲಿಫರ್ಡ್‌ಗೆ ನಾಚಿಕೆಯೇನೂ ಇರಲಿಲ್ಲ. “ನಾನು ಅವರಿಗೆ ಬಾಡಿಗೆ ಕಟ್ತಾನೇ ಇದೀನಿ. ಅವರು ನಂಗೆ ಒಂದ್ಸಲ ನೆಲ ಹಾಕ್ಸಿಕೊಟ್ಟಿದಾರೆ, ಅಷ್ಟೇ,” ಎನ್ನುತ್ತಿದ್ದ. ವೋಟು ಕೇಳಲು ಬಂದವರನ್ನು ಮಾತ್ರ ಹೊಸ್ತಿಲ ಹೊರಗೇ ನಿಲ್ಲಿಸಿ ಮಾತಾಡಿಸಿ ಕಳಿಸುತ್ತಿದ್ದ. ಮನೆಯೊಳಗೆ ಶೂ ಹಾಕುವಂತಿಲ್ಲ. ಸೋಫಾ ಸರಿಸುವಂತಿಲ್ಲ. ಅದನ್ನು ಕಿಟಕಿಯ ಹತ್ತಿರ ಹಾಕಬೇಕೆಂದು ಬೆವರ್ಲಿಯ ಅಮ್ಮ ಸಾಯುವ ತನಕ ಕೇಳಿದಳು. ಸೋಫಾ ತೆಗೆದರೆ ಆ ಜಾಗಕ್ಕೆ ಬಿಸಿಲು ಬಿದ್ದು ಉಣ್ಣೆ ಮಾಸುತ್ತದೆ ಎಂದು ಇವನು ಸಾಯುವ ತನಕ ಹೇಳಿದ. ಹಾಕ್ಸ್‌ಬೆಕ್‌ನಲ್ಲಿ ಬಿಸಿಲು ಎಷ್ಟು ಬೀಳುತ್ತದೆಂದು ಇಬ್ಬರಿಗೂ ಗೊತ್ತಿತ್ತು.

ಬೆವರ್ಲಿಗೆ ಆ ಕಾರ್ಪೆಟ್ ತನ್ನ ಫ್ಲ್ಯಾಟಿಗೆ ಬೇಕಾಗಿರಲಿಲ್ಲ. ಗೋಡೆಯಿಂದ ಗೋಡೆಗೆ ಎಳೆದು, ಅಂಚಿನ ಮೊಳೆಪಟ್ಟಿಗೆ ಸಿಕ್ಕಿಸಿ ಹಾಸಿದ್ದು ಅದು. ಬೇರೆ ಕೋಣೆಗೆ ಒಯ್ಯುವುದೆಂದರೆ ಕತ್ತರಿಸುವುದು, ಕತ್ತರಿಸಿದರೆ ಚಿಂದಿ. ಅದು ಇದ್ದಲ್ಲೇ ಇಡಿಯಾಗಿ ಇರಬೇಕು, ಅದರ ಮೇಲೆ ಯಾರಾದರೂ ಓಡಾಡಬೇಕು. ಅವಳು ಬಯಸಿದ್ದು ಇಷ್ಟೇ. ಕೌನ್ಸಿಲ್ ಮನೆಯ ಹೊಸ ಬಾಡಿಗೆದಾರರಿಗೆ ಸಿಗುವುದು ಬರಿ ಸಿಮೆಂಟು. ತನ್ನ ಫ್ಲ್ಯಾಟು ಸಿಕ್ಕಾಗ ಅವಳೂ ಕೂಸನ್ನು ಕಟ್ಟಿಕೊಂಡು ಒಂದು ಇಡೀ ಚಳಿಗಾಲ ಸಿಮೆಂಟಿನ ಮೇಲೆ ಕಳೆದಿದ್ದಳು. ಕೂಸು ಅಂಬೆಗಾಲಿಡಲು ಕೆಳಗೆ ಬಿಟ್ಟರೆ ಅಳುತ್ತಿತ್ತು. ಅಪ್ಪ ಒಂದು ತುಂಡು ಹಾಸಿಕೊಟ್ಟದ್ದು ಬೇಸಿಗೆಯಲ್ಲಿ. “ಮೊದ್ಲು ಬಾಡಿಗೆ ಕಟ್ಟೋದು ಕಲಿ,” ಅಂದಿದ್ದ. ಆ ನೆಲ ತಣ್ಣಗಿರುವುದು ಹೇಗೆಂದು ಪಿಮ್‌ನಂಥವರಿಗೆ ಕಾಲಿನ ಚೀಲದ ಮೂಲಕ ತಿಳಿಯುವುದಿಲ್ಲ.

“ಮುಂದೆ ಬರೋರಿಗೆ ಇದು ಬೇಕು ಅಂದ್ರೆ?” ಎಂದು ಕೇಳಿದಳು.

ಪಿಮ್ ಹಣೆ ಸುಕ್ಕು ಮಾಡಿದ. “ಹೊಸ ಬಾಡಿಗೆದಾರರು ಒಪ್ಕೊಂಡು, ಇನ್ಮುಂದೆ ಇದರ ಜವಾಬ್ದಾರಿ ನಮ್ದೇ ಅಂತ ಸಹಿ ಹಾಕಿದ್ರೆ ಬಿಡಬಹುದು. ಅದು ಅವರ ಹಕ್ಕು. ಗುರುವಾರ ಒಬ್ರು ಮನೆ ನೋಡೋಕೆ ಬರ್ತಾರೆ.”

“ಹಾಗಾದ್ರೆ ಗುರುವಾರ ನಾನೂ ಇರ್ತೀನಿ.”

ಗುರುವಾರ ಬೆವರ್ಲಿ ತಾನು ಊಟ ಬಡಿಸುವ ಶಾಲೆಗೆ ರಜೆ ಹೇಳಿ ಬಂದು, ಕಾರ್ಪೆಟ್ ಗುಡಿಸಿ, ಕೊಂಬಿಗೆ ಕೊಂಬು ಹೊಳೆಯುವ ಹಾಗೆ ಒದ್ದೆಬಟ್ಟೆಯಲ್ಲಿ ಒರೆಸಿದಳು. ಪಕ್ಕದ ಮನೆಯ ಎನಿಡ್ ಬೇಲಿಯ ಮೇಲೆ ಮೊಣಕೈ ಊರಿ ಕಿಟಕಿಯೊಳಗೆ ನೋಡುತ್ತಿದ್ದಳು. ಎಪ್ಪತ್ತು ದಾಟಿದ ಎನಿಡ್‌ಗೆ ಬೇಲಿಯೇ ಊರುಗೋಲು. ಕೇರಿಯಲ್ಲಿ ಯಾರ ಕಸದ ಡಬ್ಬಿ ಎಷ್ಟು ಹೊತ್ತಿಗೆ ಹೊರಗೆ ಬರುತ್ತದೆಂದು ಕೌನ್ಸಿಲ್‌ಗಿಂತ ಮೊದಲು ಅವಳಿಗೆ ಗೊತ್ತು. ಕೌನ್ಸಿಲ್‌ಗೆ ಗೊತ್ತಾಗುತ್ತಿದ್ದುದೂ ಅವಳಿಂದಲೇ.

“ಯಾರು ಬರ್ತಿರೋದು?” ಎಂದು ಕೂಗಿದಳು ಎನಿಡ್.

“ಯಾರೋ ಹುಡುಗಿಯಂತೆ. ಮಗು ಇದೆಯಂತೆ.”

“ಗಂಡ?”

“ಅದನ್ನ ನೀವೇ ಕಂಡುಹಿಡೀತೀರಲ್ಲ.”

ಬಂದವಳು ಡೆಮಿ. ಹತ್ತೊಂಬತ್ತೋ ಇಪ್ಪತ್ತೋ. ಅಂಟಿಸಿದ ರೆಪ್ಪೆ, ಬಿಗಿ ಜುಟ್ಟು, ಸೊಂಟದ ಮೇಲೆ ಒಂದು ಮಗು. ಇಲ್ಲಿಯವರೆಗೆ ಮನೆಯಿಲ್ಲದವರ ಹಾಸ್ಟೆಲ್ಲಿನ ಒಂದು ಕೋಣೆಯಲ್ಲಿದ್ದಳು ಎಂದು ಪಿಮ್ ಅವಳ ಎದುರಿಗೇ, ಸಾಮಾನಿನ ವಿವರ ಹೇಳುವ ಹಾಗೆ ಹೇಳಿದ. ರೆಪ್ಪೆ ನೋಡಿಯೇ ಬೆವರ್ಲಿಗೆ ಅವಳ ಮೇಲಿನ ಅರ್ಧ ಗೌರವ ಹೋಗಿತ್ತು. ಆದರೂ ಮಗುವಿನ ಬರಿಗಾಲು ನೋಡಿ ಸಮಾಧಾನವಾಯಿತು. ಕಾಲು ಸರಿಯಾದ ಜಾಗಕ್ಕೆ ಬಂದಿದೆ ಅಂದುಕೊಂಡಳು.

“ಕೆಳಗೆ ಬಿಡು ಮರಿ, ಬಿಡು,” ಎಂದಳು. “ಅಪ್ಪಟ ಉಣ್ಣೆ. ಚಳಿಗಾಲ ಬಂದಿರೋದೂ ಗೊತ್ತಾಗಲ್ಲ.”

ಡೆಮಿ ನೆಲ ನೋಡಿದಳು. ಬಾಯಿ ತೆರೆದಳು. “ಅಯ್ಯಪ್ಪಾ! ಪಬ್ ಥರ ಇದೆ!”

“ಏನು?”

“ನಮ್ಮ ತಾತ ಕುಡ್ಕೊಂಡು ಬೀಳ್ತಿದ್ನಲ್ಲ, ಆ ಪಬ್‌ನಲ್ಲೂ ಹಿಂಗೇ ಇತ್ತು ಕಣ್ರೀ. ಇವೇನು, ಮೇಕೆಗಳಾ?”

“ಟಗರು.”

“ಎಲ್ಲಾ ನನ್ನೇ ನೋಡ್ತಿವೆ.”

“ಬರೀ ಸಿಮೆಂಟ್ ಮೇಲೆ ಮಗು ಇಟ್ಕೊಂಡು ಇರ್ತೀಯಾ? ನಾನು ಇದ್ದು ನೋಡಿದೀನಿ. ಬೇಡ ಕಣಮ್ಮ.”

“ಇರ್ತೀನಿ.” ಡೆಮಿ ಮಗುವನ್ನು ಇನ್ನೊಂದು ಸೊಂಟಕ್ಕೆ ದಾಟಿಸಿದಳು. “ಮೇಡಂ, ಬೇಜಾರ್ ಮಾಡ್ಕೋಬೇಡಿ. ನಾನು ಹುಟ್ಟಿದಾಗಿಂದ ಬೇರೆಯೋರು ತುಳಿದಿದ್ದರ ಮೇಲೇ ತುಳಿದಿದೀನಿ. ಅನಾಥಾಲಯದಲ್ಲಿ ಬೇರೆಯೋರ ಕಲೆ, ಹಾಸ್ಟೆಲ್‌ನಲ್ಲಿ ಬೇರೆಯೋರ ಕೂದಲು. ಒಂದ್ಸಲನಾದ್ರೂ ಯಾರೂ ಕಾಲಿಡದ ನೆಲ ಬೇಕು ನಂಗೆ. ಬೂದಿ ಬಣ್ಣದ್ದು ಹಾಕ್ಸ್ತೀನಿ. ಯಾವಾಗಾದ್ರೂ ಆಗ್ಲಿ.”

ಆ ಮಾತಿಗೆ ಬೆವರ್ಲಿಗೆ ಹುಡುಗಿಯ ಮೇಲೆ ಇನ್ನಷ್ಟು ಸಿಟ್ಟು ಬಂತು. “ಬೂದಿ ಬಣ್ಣ,” ಎಂದಳು, ಬಾಯಲ್ಲಿ ಹುಳಿ ಬಂದ ಹಾಗೆ.

“ಹಾಗಾದ್ರೆ ಆಯ್ತಲ್ಲ,” ಎಂದ ಪಿಮ್. ಹಕ್ಕುಳ್ಳವರು ಹಕ್ಕು ಚಲಾಯಿಸಿಯಾಗಿತ್ತು. ಅವನ ಮುಖದಲ್ಲಿ ಕೌನ್ಸಿಲ್‌ನ ನೆಮ್ಮದಿ ನೆಲೆಸಿತ್ತು. “ಸೋಮವಾರದೊಳಗೆ ನೆಲ ಖಾಲಿ ಮಾಡ್ಬಿಡಿ ಮೇಡಂ. ಇಲ್ಲದಿದ್ರೆ ನಮ್ಮೋರು ಬಂದು ಕಿತ್ತು ಹಾಕ್ತಾರೆ. ಬಿಲ್ ನಿಮಗೆ ಬರುತ್ತೆ.” ಅದನ್ನೇ ಬರೆದಿದ್ದ ಪತ್ರವೊಂದನ್ನೂ ಅವಳ ಕೈಗಿಟ್ಟ.

ಅಲ್ಲಿಗೆ ಮುಗಿಯಬೇಕಿತ್ತು. ಬೆವರ್ಲಿ ಸೋತಿದ್ದಳು, ಅದೂ ರೆಪ್ಪೆ ಅಂಟಿಸಿಕೊಂಡ ಹುಡುಗಿಯ ಕೈಲಿ. ಶುಕ್ರವಾರ ಕಾರ್ಪೆಟ್ ಎಸೆಯಲು ಒಂದು ದೊಡ್ಡ ಕಸದ ತೊಟ್ಟಿಯನ್ನೂ ಬಾಡಿಗೆಗೆ ಹೇಳುವವಳಿದ್ದಳು. ಆದರೆ ಶುಕ್ರವಾರ ಬೆಳಿಗ್ಗೆ ಮನೆಯ ಮುಂದೆ ಎರಡು ಕಾರು ನಿಂತವು. ಒಂದರಿಂದ ಪಿಮ್ ಇಳಿದ. ಇನ್ನೊಂದರಿಂದ ಬೂದಿ ಬಣ್ಣದ ಕೋಟು, ಮುತ್ತಿನ ಓಲೆ, ಅವುಗಳ ನಡುವೆ ರೋಸಲಿಂಡ್ ಆಟ್‌ವೆಲ್. ಕೌನ್ಸಿಲ್ ಸದಸ್ಯೆ. ಅವಳ ಅಪ್ಪ ಹಿಂದೆ ಮೇಯರ್ ಆಗಿದ್ದವನು. ಹಾಕ್ಸ್‌ಬೆಕ್‌ನಲ್ಲಿ ಬಡವರ ಕೌನ್ಸಿಲ್ ಮನೆ ಮಾತ್ರ ಅಪ್ಪನಿಂದ ಮಗಳಿಗೆ ಬರುವುದಿಲ್ಲ, ಮಿಕ್ಕದ್ದೆಲ್ಲ ಬರುತ್ತದೆ.

ಅವಳು ಬಾಗಿಲಲ್ಲಿ ಶೂ ಕಳಚಿದಳು. ಕಾಲುಚೀಲದಲ್ಲೇ ಒಳಗೆ ಬಂದು, ಮುಂಗೋಣೆಯ ಮಧ್ಯ ನಿಂತು, ಎದೆಯ ಮೇಲೆ ಕೈ ಇಟ್ಟುಕೊಂಡಳು.

“ಅದೇ! ಜ್ಯಾರೆಡ್, ಇದು ಅದೇ! ಸಭಾಂಗಣದ ರತ್ನಗಂಬಳಿ!”

ಬೆವರ್ಲಿಗೆ ಅರ್ಥವಾಗಲು ಹೊತ್ತು ಹಿಡಿಯಲಿಲ್ಲ. ಪಿಮ್‌ನ ಫೋಟೋ ಕಚೇರಿಯಲ್ಲಿ ಯಾರದೋ ಕಣ್ಣಿಗೆ ಬಿದ್ದಿತ್ತು. ಪುರಭವನಕ್ಕೆ ನೂರೈವತ್ತು ವರ್ಷ ತುಂಬುವ ಸಂಭ್ರಮಕ್ಕೆ ಹಳೆಯ ವಸ್ತು ಹುಡುಕುತ್ತಿದ್ದರು. ಸಭಾಂಗಣದ ಕಾರ್ಪೆಟ್ ಯಾವಾಗಲೋ ಕಿತ್ತು ಕಸಕ್ಕೆ ಹಾಕಿ, ಅಲ್ಲಿ ನೀಲಿ ಚೌಕಗಳನ್ನು ಅಂಟಿಸಿದ್ದರು. ಹಾಗಾಗಿ ಇಡೀ ಊರಿನಲ್ಲಿ ಟಗರುಗಳು ಉಳಿದಿದ್ದದ್ದು ಕ್ಲಿಫರ್ಡ್ ಗಾರ್‌ಸೈಡ್‌ನ ಮನೆಯಲ್ಲಿ ಮಾತ್ರ.

“ನಮ್ಮ ತಂದೆ ಇದರ ಮೇಲೆ ನಿಂತೇ ಪ್ರಮಾಣ ವಚನ ತಗೊಂಡಿದ್ದು,” ಎಂದಳು ಆಟ್‌ವೆಲ್. ಕಣ್ಣಂಚು ಒದ್ದೆಯಾಗಿತ್ತು.

“ನಮ್ಮ ತಂದೆ ಇದರ ಮೇಲೆ ಮಂಡಿ ಊರಿಯೇ ಮಂಡಿ ಕಳ್ಕೊಂಡಿದ್ದು,” ಎಂದಳು ಬೆವರ್ಲಿ. ಕಾರ್ಪೆಟ್ ಹಾಸುವವರು ಬಿಗಿ ಮಾಡುವ ಸಲಕರಣೆಯನ್ನು ಮೊಣಕಾಲಿನಿಂದಲೇ ಗುದ್ದಬೇಕು. ಕೊನೆಯ ಹತ್ತು ವರ್ಷ ಅಪ್ಪ ಮೆಟ್ಟಿಲನ್ನು ಕೂತೇ ಇಳಿಯುತ್ತಿದ್ದ.

“ಇದು ಅವರಿಗೆ ಹೇಗೆ ಸಿಕ್ತು ಅಂತ...” ಆಟ್‌ವೆಲ್ ಮಾತನ್ನು ಅರ್ಧಕ್ಕೇ ಬಿಟ್ಟು ನಯವಾಗಿ ಕಾದಳು.

“ಅವರನ್ನೇ ಕೇಳಿ. ಸ್ಮಶಾನಕ್ಕೆ ಬಸ್ ಇದೆ, ಕೊನೇ ಸ್ಟಾಪು.”

ಪಿಮ್ ಕೆಮ್ಮಿದ. ಆಟ್‌ವೆಲ್ ನಕ್ಕಳು. ಅವಳದು ಕ್ಷಮಿಸುವ ನಗು. ಕ್ಷಮಿಸುವ ಅಧಿಕಾರ ತನಗಿದೆ ಎಂದು ಸಂಶಯವೇ ಇಲ್ಲದವರು ನಗುವ ನಗು. “ನಾವದನ್ನ ಕೆದಕೋದಿಲ್ಲ ಬೆವರ್ಲಿ. ಕೌನ್ಸಿಲ್ ಉದಾರವಾಗೇ ನೋಡುತ್ತೆ. ನಮಗೆ ಬೇಕಾಗಿರೋದು ಎರಡೇ ಎರಡು ಟಗರು. ಚೆನ್ನಾಗಿರೋ ಕಡೆ ಕತ್ತರಿಸ್ಕೊಂಡು, ಗಾಜು ಹಾಕ್ಸಿ, ಪುರಭವನದ ಗೋಡೆಗೆ ಹಾಕ್ತೀವಿ. ಮಂಗಳವಾರ ನಮ್ಮ ಜನ ಬರ್ತಾರೆ.”

“ಎರಡು ಟಗರು. ಮಿಕ್ಕಿದ್ದು?”

“ಮಿಕ್ಕಿದ್ದು...” ಆಟ್‌ವೆಲ್ ಪಿಮ್ ಕಡೆ ನೋಡಿದಳು.

“ಮಿಕ್ಕಿದ್ದು ಮಾಮೂಲಿನ ಹಾಗೆ ಕಸಕ್ಕೆ,” ಎಂದ ಪಿಮ್.

“ಗಾಜಿನ ಕೆಳಗೆ ಹೆಸರು ಹಾಕ್ಸ್ತೀರಾ?”

“ಖಂಡಿತ. ಆಗಿನ ಮೇಯರ್ ಅವರದು.”

“ಅಂದ್ರೆ ನಿಮ್ಮಪ್ಪಂದು.”

“ಆಗ ಅವರೇ ಮೇಯರ್ ಆಗಿದ್ರಲ್ಲ,” ಎಂದಳು ಆಟ್‌ವೆಲ್, ಅದು ಹವಾಮಾನದ ತಪ್ಪು ಎನ್ನುವ ಹಾಗೆ.

ಬೆವರ್ಲಿ ಅವಳ ಕಾಲುಚೀಲದ ಬೆರಳುಗಳನ್ನು ನೋಡಿದಳು. ಉಣ್ಣೆಯೊಳಗೆ ಹಾಯಾಗಿ ಹೂತುಕೊಂಡಿದ್ದವು. ಮೊನ್ನೆ ಇದು ಚಿಗಟದ ಗೂಡು. ನಿನ್ನೆ ಪಬ್ಬು. ಇವತ್ತು ರತ್ನಗಂಬಳಿ. ಇದನ್ನು ನೇಯ್ದವರು, ಹಾಸಿದವರು, ಮೂವತ್ತು ನಲವತ್ತು ವರ್ಷ ಒರೆಸಿದವರು ಯಾರ ಬಾಯಲ್ಲೂ ಬರಲಿಲ್ಲ. ಇವರ ಕೈಗೆ ಒಂದು ವಸ್ತು ಸಿಕ್ಕಿದರೆ ಮಾಡುವುದು ಎರಡೇ ಕೆಲಸ: ಎಸೆಯುವುದು, ಇಲ್ಲವೇ ಗೋಡೆಗೆ ಮೊಳೆ ಹೊಡೆದು ನೇತುಹಾಕುವುದು. ತುಳಿಯಲಿಕ್ಕೆ ಮಾಡಿದ್ದನ್ನು ತುಳಿಯುವುದಷ್ಟೇ ಗೊತ್ತಿಲ್ಲ.

“ಹಾಗಾಗಿ ಮೇಡಂ,” ಎಂದ ಪಿಮ್, “ಅಲ್ಲೀವರೆಗೂ ಕಾರ್ಪೆಟ್ ಮುಟ್ಟಬೇಡಿ.”

“ಸೋಮವಾರ ಮಧ್ಯಾಹ್ನದೊಳಗೆ ಕಿತ್ತು ಹಾಕಿ ಅಂತ ನೀವೇ ಬರೆದು ಕೊಟ್ಟಿದೀರಿ.”

“ಈಗ ಪರಿಸ್ಥಿತಿ ಬದಲಾಗಿದೆ. ಹೊಸ ಪತ್ರ ಕಳಿಸ್ತೀವಿ.”

“ಕಳಿಸಿ. ನಿಮ್ಮ ಪತ್ರಗಳು ಯಾವ ವೇಗದಲ್ಲಿ ಬರ್ತವೆ ಅಂತ ಗೊತ್ತು ನಂಗೆ.”

ಕಾರುಗಳು ಇಳಿಜಾರು ಇಳಿದು ಮರೆಯಾಗುವ ಮೊದಲೇ ಎನಿಡ್ ಬೇಲಿಗೆ ಬಂದಿದ್ದಳು. “ಆಟ್‌ವೆಲ್ ಮಗಳಲ್ವೇನೇ ಅದು? ನಿಮ್ಮಪ್ಪ ಅವಳಪ್ಪನ್ನ ಹೊಸ್ತಿಲು ದಾಟೋಕೆ ಬಿಟ್ಟಿರ್ಲಿಲ್ಲ. ನೀನು ಸೋಫಾದಲ್ಲಿ ಕೂರ್ಸಿದ್ಯೋ?”

“ಎನಿಡ್, ನಿಮ್ಮ ತರಕಾರಿ ಜಾಗದಲ್ಲಿ ಕಳೆ ಹೇಗಿದೆ?”

“ಸೊಂಟದವರೆಗಿದೆ. ಯಾಕೆ?”

“ನಿಮ್ಮ ತಳ್ಳುಗಾಡಿ ಕೊಡಿ. ಬಾಯಿಗೆ ಎರಡು ದಿನ ಬೀಗ ಹಾಕ್ಕೊಳಕ್ಕಾಗುತ್ತಾ?”

ಎನಿಡ್ ಯೋಚಿಸಿದಳು. ಅದು ಅವಳ ಪಾಲಿಗೆ ದೊಡ್ಡ ತ್ಯಾಗ. “ಎಷ್ಟು ಅಗಲ ಕೊಡ್ತೀಯಾ?” ಎಂದಳು.

ಶನಿವಾರ ಬೆಳಿಗ್ಗೆ ಬೆವರ್ಲಿ ಬಾಗಿಲ ಪಕ್ಕದ ಮೂಲೆಯಿಂದ ಶುರು ಮಾಡಿದಳು. ಚಿಕ್ಕವಳಿದ್ದಾಗ ರಜಾದಿನಗಳಲ್ಲಿ ಅಪ್ಪನ ಹಿಂದೆ ಹೋಗಿ ಸುರುಳಿಯ ತುದಿ ಹಿಡಿದಿದ್ದವಳು. ಎಳೆದದ್ದನ್ನು ಬಿಡಿಸುವುದು ಹೇಗೆಂದು ಕೈಗೆ ನೆನಪಿತ್ತು. ಇಕ್ಕಳದಲ್ಲಿ ಮೂಲೆ ಕಚ್ಚಿ ಎಳೆದಾಗ ಉಣ್ಣೆ ಮೊಳೆಪಟ್ಟಿಯಿಂದ ಚರಚರ ಎನ್ನುತ್ತ ಎದ್ದಿತು. ಕೆಳಗಿನಿಂದ ನಲವತ್ತು ವರ್ಷದ ಧೂಳು ಎದ್ದು ಬಾಯಿಗೆ ಬಂತು. ಗಾಡಿಯ ಅಗಲಕ್ಕೆ ಅಪ್ಪನ ಕೊಕ್ಕೆ ಚಾಕುವಿನಿಂದ ಸೀಳಿದಳು. ಮೊದಲ ಸೀಳಿಗೆ ಕೈ ತಡೆಯಿತು. ಇಡಿಯಾಗಿ ಉಳಿಸಬೇಕೆಂದು ಹೊರಟವಳು ಅವಳೇ. ಆದರೆ ಹೇಗೂ ಕತ್ತರಿಸಿಯೇ ತೀರುತ್ತಾರೆ ಎಂದಮೇಲೆ, ಯಾವ ಕೈ, ಯಾವ ಚಾಕು ಎಂಬುದಷ್ಟೇ ಉಳಿದ ಪ್ರಶ್ನೆ. ಎರಡನೆಯ ಸೀಳಿಗೆ ಕೈ ತಡೆಯಲಿಲ್ಲ.

ಸೋಫಾವನ್ನು ಬೆವರ್ಲಿ ಒಂದು ಕಡೆ, ಎನಿಡ್ ಇನ್ನೊಂದು ಕಡೆ ಹಿಡಿದು ಸರಿಸಿದರು. ಎನಿಡ್ ಮೊದಲು ನೋಡಿದಳು.

“ಬೆವ್. ಇದೇನೇ ಇದು?”

ಸೋಫಾದ ಕೆಳಗೆ ಕೊನೆಯ ತುಂಡು ಸಾಲದೆ ಬಂದಿತ್ತು. ಅಪ್ಪ ಬೇರೆ ಚೂರೊಂದನ್ನು ತಂದು ಜೋಡಿಸಿದ್ದ. ಜೋಡಿಸುವಾಗ ತಿರುಗಿಸಿ ಹಾಕಿದ್ದ. ಸಾಲಿನ ಟಗರುಗಳೆಲ್ಲ ಕಿಟಕಿಯ ಕಡೆ ಗತ್ತಿನಿಂದ ನೋಡುತ್ತಿದ್ದರೆ, ಒಂದು ಟಗರು ಮಾತ್ರ ತಲೆಕೆಳಗಾಗಿ, ಕೊಂಬು ಕೆಳಗೆ ಮೂತಿ ಮೇಲೆ ಮಾಡಿ ನಿಂತಿತ್ತು.

ಬೆವರ್ಲಿ ನೆಲದ ಮೇಲೇ ಕೂತಳು. ಮಾಸುವ ಉಣ್ಣೆ, ಬೀಳದ ಬಿಸಿಲು, ಅಮ್ಮ ಕೇಳಿ ಕೇಳಿ ಸೋತ ಕಿಟಕಿ. ಊರಿನ ಅತ್ಯುತ್ತಮ ಕಾರ್ಪೆಟ್ ಹಾಸುವವ ತನ್ನ ಮನೆಯ ನೆಲದಲ್ಲೇ ಎಡವಟ್ಟು ಮಾಡಿ, ಅದರ ಮೇಲೆ ಒಂದು ಸೋಫಾ, ಒಬ್ಬ ಹೆಂಡತಿ, ಒಂದು ಇಡೀ ಸಂಸಾರವನ್ನು ಕೂರಿಸಿದ್ದ.

“ನಾಲ್ಕು ಗೋಡೆ ಅಳೆಯೋಕೂ ಬರ್ತಿರ್ಲಿಲ್ಲ ಈ ಮನುಷ್ಯಂಗೆ,” ಎಂದಳು.

“ಕದ್ದು ತಂದಿದ್ದು ಸಾಲ್ದೇ ಬಂತಲ್ಲೇ!” ಎಂದಳು ಎನಿಡ್. ಇಬ್ಬರಿಗೂ ನಗು ಬಂದು, ಧೂಳು ಗಂಟಲಿಗೆ ಸಿಕ್ಕಿ ಕೆಮ್ಮು ಬಂದು, ಕೊನೆಗೆ ಯಾವುದು ಯಾವುದೆಂದು ತಿಳಿಯದ ಹಾಗಾಯಿತು.

ಆ ಒಂದು ಟಗರನ್ನು ಬೆವರ್ಲಿ ಚೌಕವಾಗಿ ಕತ್ತರಿಸಿ ಪಕ್ಕಕ್ಕೆ ಇಟ್ಟಳು. ಮಿಕ್ಕದ್ದನ್ನು ಭಾನುವಾರ ಸಂಜೆಯೊಳಗೆ ಇಬ್ಬರೂ ತಳ್ಳುಗಾಡಿಯಲ್ಲಿ ಕೇರಿಯ ಹಿಂದಿನ ತರಕಾರಿ ಪಟ್ಟಿಗಳಿಗೆ ಸಾಗಿಸಿ, ಎನಿಡ್‌ಳ ಕಳೆಯ ಮೇಲೆ ಮಗುಚಿ ಹಾಸಿದರು. ಕೆಂಪು ಕೆಳಗೆ, ನಾರು ಮೇಲೆ. ಕಳೆ ಉಸಿರು ಕಟ್ಟಿ ಸಾಯಲು ಅದಕ್ಕಿಂತ ಒಳ್ಳೆಯದಿಲ್ಲ. ಅಂಚಿಗೆ ಇಟ್ಟಿಗೆ ಇಟ್ಟರು. ರಾತ್ರಿಯಿಡೀ ಮಳೆ ಬಂತು.

ಸೋಮವಾರ ಮಧ್ಯಾಹ್ನಕ್ಕೆ ಮೊದಲೇ ಪಿಮ್ ಬಂದ. ಅವನ ಹಿಂದೆ ಆಟ್‌ವೆಲ್ ಕೂಡ ಬಂದಿದ್ದಳು. ಗಾಜಿನ ಚೌಕಟ್ಟು ಮಾಡುವವನನ್ನು ಕರೆತಂದಿದ್ದಳು, ಅಳತೆ ತೆಗೆಯಲೆಂದು. ಮೂವರೂ ಮುಂಗೋಣೆಯ ಬಾಗಿಲಲ್ಲಿ ನಿಂತರು. ಗೋಡೆಯಿಂದ ಗೋಡೆಗೆ ಗುಡಿಸಿದ ಸಿಮೆಂಟು. ಮೊಳೆಪಟ್ಟಿ ಕೂಡ ಉಳಿದಿರಲಿಲ್ಲ.

“ಕಾರ್ಪೆಟ್ ಎಲ್ಲಿ?” ಎಂದಳು ಆಟ್‌ವೆಲ್.

“ನಿಮ್ಮ ಮನೆ,” ಎಂದು ಬೆವರ್ಲಿ ಬೀಗದ ಕೈಗಳನ್ನು ಪಿಮ್‌ನ ಅಂಗೈಯಲ್ಲಿಟ್ಟಳು. “ಕೊಟ್ಟಾಗ ಹೇಗಿತ್ತೋ ಹಾಗೆ. ಬೂಷ್ಟೊಂದು ತರೋಕಾಗ್ಲಿಲ್ಲ, ಕ್ಷಮಿಸಿ.”

“ಮುಟ್ಟಬೇಡಿ ಅಂತ ಹೇಳಿದ್ನಲ್ಲ ಮೇಡಂ!”

“ಬಾಯಲ್ಲಿ ಹೇಳಿದ್ರಿ. ಕಿತ್ತು ಹಾಕಿ ಅಂತ ಬರೆದು ಕೊಟ್ಟಿದ್ರಿ. ನಾನು ಬಾಡಿಗೆದಾರನ ಮಗಳು, ಬರೆದಿದ್ದೇ ನಂಗೆ ಕಾನೂನು. ಜವಾಬ್ದಾರಿ ಅಂತ ಒಂದಿರುತ್ತಲ್ಲ.”

“ಅದು ಕೌನ್ಸಿಲ್ ಆಸ್ತಿ!” ಆಟ್‌ವೆಲ್‌ಳ ಓಲೆಗಳು ನಡುಗಿದವು. “ಕದ್ದ ಮಾಲು!”

“ಶುಕ್ರವಾರ ಉದಾರವಾಗಿದ್ರಿ.”

“ಎಲ್ಲಿದೆ ಅದು?”

ಬೆವರ್ಲಿ ಹಿಂದಿನ ಕಿಟಕಿಯ ಕಡೆ ಕೈ ತೋರಿಸಿದಳು. “ಅಲ್ಲಿ, ಈರುಳ್ಳಿ ಮಡಿ ಆದ್ಮೇಲೆ. ಹುಷಾರಾಗಿ ಹೋಗಿ, ಕೆಸರಿದೆ. ಶೂ ಬೇಕಾದ್ರೆ ಇಲ್ಲೇ ಬಿಡಿ, ಮೊನ್ನೆ ಬಿಟ್ಟಿದ್ರಲ್ಲ.”

ಆಟ್‌ವೆಲ್ ಹೋದಳು. ಹೋಗುತ್ತಾಳೆಂದು ಬೆವರ್ಲಿ ಎಣಿಸಿರಲಿಲ್ಲ. ಅಷ್ಟರ ಮಟ್ಟಿಗೆ ಅವಳ ಮೇಲೆ ಒಂದಿಷ್ಟು ಮರ್ಯಾದೆಯೂ ಬಂತು. ಬೂದಿ ಕೋಟು ಎಲೆಕೋಸಿನ ಸಾಲುಗಳ ನಡುವೆ ತಡವರಿಸುತ್ತ ಸಾಗಿ, ಬಗ್ಗಿ, ಒಂದು ಅಂಚು ಎತ್ತಿ ನೋಡಿತು. ಒದ್ದೆ ಉಣ್ಣೆ ಒಂದು ಕುರಿಮಂದೆಯಷ್ಟು ಭಾರವಿರುತ್ತದೆ. ಎತ್ತಲಾಗಲಿಲ್ಲ. ಪಕ್ಕದ ಪಟ್ಟಿಯಲ್ಲಿ ಎನಿಡ್ ಗುದ್ದಲಿಗೆ ಗಲ್ಲ ಊರಿ, ಬೀಗ ತೆಗೆದ ಬಾಯಲ್ಲಿ ಏನೋ ಹೇಳುತ್ತಿದ್ದಳು. ಇಲ್ಲಿಗೆ ಕೇಳಿಸುತ್ತಿರಲಿಲ್ಲ. ಕೇಳಿಸಬೇಕಾಗಿಯೂ ಇರಲಿಲ್ಲ.

ಚೌಕಟ್ಟಿನವನು ಅಳತೆಪಟ್ಟಿ ಜೇಬಿಗೆ ಹಾಕಿಕೊಂಡ. “ಹಾಗಾದ್ರೆ ನಂಗೆ ಇಲ್ಲೇನೂ ಕೆಲಸ ಇಲ್ಲ ಅನ್ಸುತ್ತೆ,” ಎಂದ.

“ನೆಲ ಖಾಲಿ,” ಎಂದ ಪಿಮ್, ಟ್ಯಾಬ್ಲೆಟ್ ಮೇಲೆ ಬೆರಳಿಟ್ಟು.

ಚಳಿಗಾಲದಲ್ಲಿ ಎನಿಡ್‌ಳನ್ನು ನೋಡಲು ಹೋದಾಗ ಬೆವರ್ಲಿ ಅಪ್ಪನ ಮನೆಯ ಕಿಟಕಿಯೊಳಗೆ ಒಮ್ಮೆ ನೋಡಿದಳು. ಡೆಮಿ ನೆಲ ಹಾಕಿಸಿದ್ದಳು, ಬೂದಿ ಬಣ್ಣದ್ದು, ಬಸ್ ನಿಲ್ದಾಣದಷ್ಟು ಚೆಂದ. ಅದರ ಮೇಲೆ ಮಗು ನಿಂತು ನಿಂತು ಬೀಳುತ್ತಿತ್ತು. ಅಳುತ್ತಿರಲಿಲ್ಲ. ಡೆಮಿ ಕಿಟಕಿಯಿಂದ ಕೈ ಬೀಸಿದಳು. ಬೆವರ್ಲಿ ತಲೆಯನ್ನು ಅಷ್ಟೇ ಆಡಿಸಿ ಮುಂದೆ ಹೋದಳು.

ತನ್ನ ಫ್ಲ್ಯಾಟಿನ ಬಾಗಿಲ ಮುಂದೆ, ಮೆಟ್ಟಿಲ ಹತ್ತಿರ, ಯಾರೂ ಏನೂ ಇಡಬಾರದ ಜಾಗದಲ್ಲಿ, ಬಂಗಾರದ ಟಗರು ತಲೆಕೆಳಗಾಗಿ ಬಿದ್ದಿತ್ತು. ಅದರ ಮೂತಿಯ ಮೇಲೆ ಕೌನ್ಸಿಲ್‌ನವರು ಅವತ್ತೇ ಹಳದಿ ಚೀಟಿ ಅಂಟಿಸಿ ಹೋಗಿದ್ದರು: ಇದು ಬೆಂಕಿ ಅಪಾಯ, ಕೂಡಲೇ ತೆಗೆಯಿರಿ. ಅವಳ ಹಿಂದೆ ಮೆಟ್ಟಿಲ ಬಾಗಿಲು ಎಂದಿನಂತೆ ಮುಚ್ಚಿಕೊಳ್ಳದೆ ಗಾಳಿಗೆ ಬಡಿದುಕೊಳ್ಳುತ್ತಿತ್ತು.

ಬೆವರ್ಲಿ ಎರಡೂ ಬೂಟುಗಳ ಕೆಸರನ್ನು ಚೀಟಿಯ ಮೇಲೆ ಚೆನ್ನಾಗಿ ಒರೆಸಿ ಒಳಗೆ ಹೋದಳು.